ಅರಿವು, ಕುರುಹು ಮತ್ತು ಮಗುವಿನ ಪರೀಕ್ಷೆ

ಅರಿವು ಬೇರೆ, ಅರಿವಿನ ಕುರುಹು ಬೇರೆ ಎಂಬ ವಿಚಾರವು ಶರಣಸಾಹಿತ್ಯದ ಅಭ್ಯಾಸಿಗಳಿಗೆ ಹೊಸತಲ್ಲ. ಕಣ್ಣಿಗೆ ಕಾಣದ ವಸ್ತುವನ್ನು ತೋರಿಸಿಕೊಡಲು ಕುರುಹು ಬೇಕಾಗುವದು. ಅರಿವು ನೆಲೆಗೊಳ್ಳುವವರೆಗೆ ಅದು ಸಾಧಕನನ್ನು ಕೈಹಿಡಿದು ನಡೆಸುವದು. ಆದರೆ ಕುರುಹನ್ನೇ ಅರಿವೆಂದು ಬಗೆದವನು ನಿಂತಲ್ಲಿಯೇ ನಿಲ್ಲುವನು. ಶರಣರು ಈ ವಿವೇಕವನ್ನು ಇಷ್ಟಲಿಂಗದ ಸಂದರ್ಭದಲ್ಲಿ ಸೂಕ್ಷ್ಮವಾಗಿ ತಿಳಿಸಿದರು; ವೇಷಲಾಂಛನಗಳ ಸಂದರ್ಭದಲ್ಲಿ ಕಟುವಾಗಿಯೇ ಆಡಿದರು. ತುಂಗಭದ್ರೆಯ ದಂಡೆಯ ಚೌಡದಾನಪುರದೊಡನೆ ಹೆಸರು ಹೊಂದಿಕೊಂಡಿರುವ ಅಂಬಿಗರ ಚೌಡಯ್ಯನಂತೂ ಲಾಂಛನವನ್ನು ಕಂಡು ತಲೆಬಾಗಿ ಒಳಗಿನ ಅರಿವನ್ನು ವಿಚಾರಿಸದವರನ್ನು ಸುಮ್ಮನೆ ಬಿಟ್ಟವನಲ್ಲ.

ಈ ವಿವೇಕವನ್ನು ಮಠದ ಅಂಗಳದಿಂದ ಶಾಲೆಯ ಅಂಗಳಕ್ಕೆ ತಂದು ನೋಡುವದು ಇಂದು ಅವಶ್ಯವಾಗಿದೆ. ಶಾಲೆಯಲ್ಲಿ ಅರಿವಿಗೆ ಇಟ್ಟಿರುವ ಕುರುಹು ಅಂಕ. ಅಂಕವೆಂಬ ಶಬ್ದಕ್ಕೆ ಗುರುತು ಎಂಬುದೇ ಮೂಲಾರ್ಥ. ಮುಂಬಯಿ ಪ್ರಾಂತದ ಆಡಳಿತವನ್ನು ಕಂಡ ಧಾರವಾಡ ಸೀಮೆಯ ಹಿರಿಯರು ಇದನ್ನೇ ‘ಗುಣ’ವೆಂದು ಕರೆಯುತ್ತಿದ್ದರು, ಗಣಿತದಲ್ಲಿ ಎಷ್ಟು ಗುಣ ಬಿದ್ದವೆಂದು ಕೇಳುವದು ವಾಡಿಕೆಯಾಗಿತ್ತು. ಹುಡುಗನ ಗುಣವೇ ಕಾಗದದ ಮೇಲೆ ಬಿದ್ದಿದೆಯೋ ಎಂಬಂತೆ ಆ ಮಾತು ಕೇಳಿಸುವದು! ಆ ಶಬ್ದವು ಮರೆಯಾಗಿ ‘ಅಂಕ’ವು ಬಂದದ್ದು ಭಾಷೆಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಆ ಶಬ್ದದ ಹಿಂದಿದ್ದ ಮನೋಭಾವವು ಮಾತ್ರ ಮರೆಯಾಗಲಿಲ್ಲ.

ಹತ್ತು ವರುಷದ ಮಗುವೊಂದನ್ನು ಪರೀಕ್ಷಿಸುವ ಅಧಿಕಾರವು ಯಾರಿಗಿದೆ? ಆ ಪರೀಕ್ಷೆಯ ಫಲಕ್ಕೆ ಉತ್ತರ ಹೇಳಬೇಕಾದವರು ಯಾರು? ಇದು ವಿದ್ಯಾಖಾತೆಯ ಸುತ್ತೋಲೆಗಳಿಗೆ ಬಿಟ್ಟುಬಿಡಬಹುದಾದ ಸಂಗತಿಯೆಂದು ಅನೇಕರು ತಿಳಿದಿರುವರು. ಆದರೆ ಕರ್ನಾಟಕದಲ್ಲಿ ಈಚೆಗೆ ನಡೆದ ಘಟನೆಗಳನ್ನು ಅವಲೋಕಿಸಿದರೆ, ಸುತ್ತೋಲೆಯಿಂದ ಆರಂಭವಾದ ಪ್ರಶ್ನೆಯು ಸುತ್ತೋಲೆಯಿಂದ ಮುಗಿಯಲಾರದೆಂಬುದು ಮನವರಿಕೆಯಾಗುವದು.

೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಪ್ರಾಥಮಿಕ ಶಿಕ್ಷಣವು ಮುಗಿಯುವವರೆಗೆ, ಎಂದರೆ ಎಂಟನೆಯ ತರಗತಿಯ ಕೊನೆಯವರೆಗೆ, ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದ ಅವಶ್ಯಕತೆಯಿಲ್ಲವೆಂದು ಅದರ ೩೦ನೆಯ ಕಲಮು ಹೇಳಿತು. ಯಾವ ಮಗುವನ್ನೂ ಹಿಂದಿನ ತರಗತಿಯಲ್ಲಿ ತಡೆಹಿಡಿಯಬಾರದೆಂದು ೧೬ನೆಯ ಕಲಮು ವಿಧಿಸಿತು. ೨೦೧೯ರಲ್ಲಿ ಈ ೧೬ನೆಯ ಕಲಮಿಗೆ ತಿದ್ದುಪಡಿಯಾಗಿ, ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆಯನ್ನು ನಡೆಸಲು ಅವಕಾಶ ದೊರೆಯಿತು. ಅದರಲ್ಲಿ ಸೋತ ಮಗುವಿಗೆ ಎರಡು ತಿಂಗಳೊಳಗೆ ಮತ್ತೊಂದು ಅವಕಾಶವಿರಬೇಕೆಂದೂ ಹೇಳಲಾಯಿತು. ಕರ್ನಾಟಕ ಸರಕಾರವು ೨೦೨೨ರ ಡಿಸೆಂಬರದಲ್ಲಿ, ಶಾಲಾ ವರ್ಷದ ಅರ್ಧಕ್ಕೂ ಹೆಚ್ಚು ಭಾಗವು ಕಳೆದ ಮೇಲೆ, ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆಯನ್ನು ಘೋಷಿಸಿತು. ೨೦೨೩ರ ಮಾರ್ಚ ೧೦ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಆ ಸುತ್ತೋಲೆಗಳನ್ನು ರದ್ದುಪಡಿಸಿತು. ಐದೇ ದಿನಗಳಲ್ಲಿ ವಿಭಾಗೀಯ ಪೀಠವು ಪರೀಕ್ಷೆಗೆ ಸಮ್ಮತಿಯಿತ್ತಿತು. ಮಾರ್ಚ ೨೭ರಿಂದ ಪರೀಕ್ಷೆ ನಡೆಯಿತು.

ಮರುವರ್ಷವು ಇನ್ನೂ ವಿಚಿತ್ರವಾಯಿತು. ೨೦೨೩ರ ಅಕ್ಟೋಬರದ ಅಧಿಸೂಚನೆಗಳು ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳನ್ನು ಮಂಡಳಿಯ ಪರೀಕ್ಷೆಗೆ ಒಳಪಡಿಸಿದವು. ೨೦೨೪ರ ಮಾರ್ಚ ೬ರಂದು ಏಕಸದಸ್ಯ ಪೀಠವು ಅವುಗಳನ್ನು ರದ್ದು ಮಾಡಿತು. ೭ರಂದು ವಿಭಾಗೀಯ ಪೀಠವು ಆ ತೀರ್ಪಿಗೆ ತಡೆ ಕೊಟ್ಟಿತು. ೧೧ರಂದು ಪರೀಕ್ಷೆ ಆರಂಭವಾಯಿತು. ೧೨ರಂದು ಸರ್ವೋಚ್ಚ ನ್ಯಾಯಾಲಯವು ಆ ತಡೆಯನ್ನು ತೆಗೆದುಹಾಕಿತು. ಅರ್ಧ ಬರೆದ ಪರೀಕ್ಷೆ ನಿಂತಿತು. ೨೨ರಂದು ವಿಭಾಗೀಯ ಪೀಠವು ಸರಕಾರದ ನಿರ್ಧಾರವನ್ನು ಎತ್ತಿಹಿಡಿಯಿತು. ೨೫ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ ೮ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೂ ತಡೆಯಿತ್ತು, ಫಲಿತಾಂಶವನ್ನು ಮುಂದೆ ಮಾಡಕೂಡದೆಂದಿತು. ೩೪ ದಿನಗಳಲ್ಲಿ ೫ ಆದೇಶಗಳು!

ರಾಣೆಬೆನ್ನೂರು ತಾಲೂಕಿನ ಹಲಗೇರಿಯಲ್ಲಿ ಐದನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಬುಧವಾರ ಪರೀಕ್ಷೆಯಿಲ್ಲವೆಂದು ಅವಳಿಗೆ ಹೇಳಲಾಯಿತು, ಗುರುವಾರ ಇದೆಯೆಂದು ಹೇಳಲಾಯಿತು, ಸೋಮವಾರ ಅವಳು ಹೊಸ ಪೆನ್ನು ಹಿಡಿದು ಕುಳಿತಳು, ಮಂಗಳವಾರ ನಿಂತಿತೆಂದರು. ದೊಡ್ಡವರ ಲೋಕದಲ್ಲಿ ತನ್ನ ಹೆಸರಿನಲ್ಲಿ ವಾದವು ನಡೆದಿದೆಯೆಂಬುದು ಅವಳಿಗೆ ತಿಳಿಯದು. ಸರಕಾರವು ಮಗುವಿನ ಹಿತಕ್ಕಾಗಿ ಪರೀಕ್ಷೆಯೆಂದಿತು. ನ್ಯಾಯಾಲಯಕ್ಕೆ ಹೋದ ಅನುದಾನರಹಿತ ಖಾಸಗಿ ಶಾಲೆಗಳ ಸಂಘಗಳು ಮಗುವಿನ ಹಿತಕ್ಕಾಗಿ ಪರೀಕ್ಷೆ ಬೇಡವೆಂದವು. ಎರಡೂ ಪಕ್ಷಗಳ ಮಾತಿನಲ್ಲಿ ಸತ್ಯಾಂಶವಿದ್ದಿತು. ಎರಡೂ ಪಕ್ಷಗಳಿಗೆ ಮಗುವಿನ ಹಿತದ ಹೊರತಾದ ಬೇರೆ ಹಿತಗಳೂ ಇದ್ದವು. ತನ್ನ ಶಾಲೆಯ ಪಾಠವನ್ನು ಹೊರಗಿನವರು ಅಳೆಯುವದು ಯಾವ ಆಡಳಿತ ಮಂಡಳಿಗೂ ಹಿತವೆನಿಸದು. ತಾನು ಏನಾದರೂ ಮಾಡುತ್ತಿರುವೆನೆಂದು ತೋರಿಸಿಕೊಳ್ಳಲು ಪರೀಕ್ಷೆಗಿಂತ ಅಗ್ಗದ ಉಪಾಯವು ಸರಕಾರಕ್ಕೂ ದೊರೆಯದು.

ಪರೀಕ್ಷೆ ಆರಂಭವಾದ ಆ ೨೦೨೪ರ ಮಾರ್ಚ ೧೧ನೆಯ ಸೋಮವಾರವು ಈ ಸೀಮೆಯ ಜನರಿಗೆ ಮತ್ತೊಂದು ಕಾರಣದಿಂದ ನೆನಪಿನಲ್ಲಿರುವದು. ಅದೇ ದಿನ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರವು ಕುಸಿಯಿತೆಂದು ರೊಚ್ಚಿಗೆದ್ದ ರೈತರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಆ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದಿದ್ದ ನೋವು ಅರ್ಥವಾಗುವಂಥದು: ವರುಷವಿಡೀ ಬೆವರು ಸುರಿಸಿ ಬೆಳೆದ ಮಾಲಿಗೆ ಕಾಣದ ಕೈಯೊಂದು ಬೆಲೆಯನ್ನು ಬರೆಯಿತು, ಆ ಬೆಲೆ ಹೀಗೇಕೆಂದು ಕೇಳಿದರೆ ಉತ್ತರ ಹೇಳುವವರು ಎದುರಿಗೆ ಇರಲಿಲ್ಲ. ಬೆಳೆದವನಿಗೆ ಕೂಗುವ ಗಂಟಲಾದರೂ ಇದೆ. ಹತ್ತು ವರುಷದ ಮಗುವಿಗೆ ಅದೂ ಇಲ್ಲ; ತನ್ನ ಮೇಲೆ ಬರೆದ ಬೆಲೆಯನ್ನು ಅದು ನಂಬಿಬಿಡುವದು. ತಾನು ದಡ್ಡನೆಂದು ಒಮ್ಮೆ ನಂಬಿದ ಹುಡುಗನ ಮನಸ್ಸಿನಿಂದ ಆ ನಂಬಿಕೆಯನ್ನು ಕೀಳುವದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯ ಯಾವ ಶಿಕ್ಷಕನನ್ನು ಕೇಳಿದರೂ ಹೇಳುವನು.

ಬ್ಯಾಡಗಿಯ ಮೆಣಸಿನಕಾಯಿಯೇ ಇನ್ನೊಂದು ಮಾತನ್ನು ಸೂಚಿಸುವದು. ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಈ ಕಾಯಿಯು ಖಾರದಲ್ಲಿ ಇತರ ಕಾಯಿಗಳಿಗಿಂತ ಕಡಮೆ. ಬಣ್ಣದಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಖಾರವೊಂದನ್ನೇ ಅಳೆಯುವ ಪರೀಕ್ಷೆಯನ್ನು ಇಟ್ಟಿದ್ದರೆ ಬ್ಯಾಡಗಿಯ ಕಾಯಿಯು ಎಂದೋ ನಪಾಸಾಗಿ ಹೋಗುತ್ತಿತ್ತು. ವ್ಯಾಪಾರಸ್ಥರಿಗೆ ಇಷ್ಟು ವಿವೇಕವಿರುವಾಗ ವಿದ್ಯಾಖಾತೆಗೆ ಇರಬಾರದೆ?

ಇಷ್ಟನ್ನು ಓದಿದವರು, ಹಾಗಾದರೆ ಪರೀಕ್ಷೆಯೇ ಬೇಡವೆಂಬ ನಿರ್ಣಯಕ್ಕೆ ಬರಬಹುದು. ಅಂಥ ನಿರ್ಣಯವು ಸುಲಭವಾದುದು, ಆದುದರಿಂದಲೇ ಸಂಶಯಾಸ್ಪದವಾದುದು. ಯಾವ ಊರಿನಲ್ಲಿಯೂ ಕೇಳಬಹುದಾದ ಒಂದು ಸಂಭಾಷಣೆಯನ್ನು ಇಲ್ಲಿ ಉದಾಹರಿಸಬಹುದು. ಕೂಲಿಯಿಂದ ಮರಳುವ ತಾಯಿಯೊಬ್ಬಳು ದಾರಿಯಲ್ಲಿ ಶಿಕ್ಷಕರನ್ನು ಕಂಡು ಕೇಳುವಳು: “ಸರ, ನಮ್ಮ ಹುಡುಗಿ ಹೆಂಗ ಓದತಾಳ್ರಿ?” ಶಿಕ್ಷಕರು ಹೇಳುವರು: “ಪಾಸಾಗ್ಯಾಳ ಬಿಡ್ರಿ ಅವ್ವಾರ, ಕಾಳಜಿ ಮಾಡಬ್ಯಾಡ್ರಿ.” ತಾಯಿ ಸಮಾಧಾನದಿಂದ ಮನೆಗೆ ಹೋಗುವಳು. ಅವಳು ಕೇಳಿದ್ದು ಅರಿವನ್ನು. ಅವಳಿಗೆ ಕೊಟ್ಟದ್ದು ಕುರುಹನ್ನು. ಮಗಳು ಓದಬಲ್ಲಳೆ ಎಂಬ ಪ್ರಶ್ನೆಗೆ ಉತ್ತರವೇ ಬರಲಿಲ್ಲ, ಬಂದಿತೆಂದು ತೋರಿತು ಅಷ್ಟೆ.

ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ನೋಡುವ ‘ಅಸರ್’ ವರದಿಗಳು ೨೦೧೮ರಲ್ಲಿಯೂ, ಮಹಾಮಾರಿಯ ಅನಂತರ ೨೦೨೨ರಲ್ಲಿಯೂ, ಮತ್ತೆ ೨೦೨೪ರಲ್ಲಿಯೂ ಒಂದೇ ಮಾತನ್ನು ಹೇಳಿದವು: ಕರ್ನಾಟಕದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ಅರ್ಧಕ್ಕಿಂತ ಕಡಮೆ. ಈ ಮಕ್ಕಳೆಲ್ಲರೂ ವರುಷ ವರುಷವೂ ಮುಂದಿನ ತರಗತಿಗೆ ಹೋದವರೇ. ತಡೆಹಿಡಿಯಬಾರದೆಂಬ ಕರುಣೆಯ ನಿಯಮವು, ಹೇಳಬಾರದೆಂಬ ಸೋಮಾರಿತನಕ್ಕೆ ಆಶ್ರಯವಾಯಿತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹದಿನಾರು ವರುಷದ ಹುಡುಗಿಗೆ ಸತ್ಯವು ಒಮ್ಮೆಲೇ ಎದುರಾಗುವದು. ಆಗ ಅದನ್ನು ತಿದ್ದಲು ಕಾಲವೂ ಇರುವದಿಲ್ಲ, ಕಲಿಸಬೇಕಾಗಿದ್ದ ಶಿಕ್ಷಕರೂ ಎದುರಿಗೆ ಇರುವದಿಲ್ಲ. ಸತ್ಯವನ್ನು ಹೀಗೆ ಬಚ್ಚಿಡುವದು ದಯೆಯೆನಿಸದು. ಓದುಬರಹವಿಲ್ಲದ ತಾಯಿಯು ತನ್ನ ಮಗಳ ಓದನ್ನು ತಾನಾಗಿ ಪರೀಕ್ಷಿಸಲಾರಳು. ಅವಳ ಪರವಾಗಿ ಪರೀಕ್ಷಿಸಿ ನಿಜವನ್ನು ಹೇಳುವ ಋಣವು ಶಾಲೆಯ ಮೇಲಿದೆ. ಓದಿದ ತಂದೆತಾಯಿಗಳ ಮಕ್ಕಳಿಗೆ ಪರೀಕ್ಷೆಯಿಲ್ಲದೆಯೂ ನಡೆದೀತು, ಬಡವರ ಮಕ್ಕಳಿಗೆ ನಡೆಯದು ಎಂಬ ಸರಕಾರದ ವಾದದಲ್ಲಿ ತೂಕವಿರುವದು ಇಲ್ಲಿಯೇ.

ಆದುದರಿಂದ ಕುರುಹನ್ನು ಎಸೆದುಬಿಡುವದು ಪರಿಹಾರವಾಗದು; ಶರಣರೂ ಹಾಗೆ ಹೇಳಲಿಲ್ಲ. ಕುರುಹು ಯಾರ ಕಡೆಗೆ ಕೈಮಾಡಿ ತೋರಿಸುತ್ತಿದೆ ಎಂಬುದನ್ನು ನೋಡಬೇಕು.

ಚೌಡಯ್ಯನ ಕಾಯಕವನ್ನೇ ನೆನೆಯಬಹುದು. ದೋಣಿಯಲ್ಲಿ ಕುಳಿತವರನ್ನು ಆಚೆಯ ದಂಡೆಗೆ ಮುಟ್ಟಿಸುವದು ಅಂಬಿಗನ ಕೆಲಸ. ನಡುಹೊಳೆಯಲ್ಲಿ ದೋಣಿಯು ಸೋರಿದರೆ, ಹುಟ್ಟು ಮುರಿದರೆ, ಅಂಬಿಗನು ದಾರಿ ತಪ್ಪಿದರೆ, ದಂಡೆಯ ಮೇಲಿನ ಅಧಿಕಾರಿಯು ಪಟ್ಟಿಯನ್ನು ಹಿಡಿದು ‘ಈ ಪ್ರಯಾಣಿಕನು ದಾಟುವದರಲ್ಲಿ ಅನುತ್ತೀರ್ಣ’ ಎಂದು ಬರೆಯುವನೆ? ಶಾಲೆಯ ವಿಷಯದಲ್ಲಿ ಹಾಗೆಯೇ ಬರೆಯಲಾಗುತ್ತಿದೆ. ಐದು ವರುಷ ಶಾಲೆಯಲ್ಲಿ ಕುಳಿತ ಮಗುವಿಗೆ ಓದು ಬಾರದಿದ್ದರೆ ಸೋತವರ ಯಾದಿಯಲ್ಲಿ ಮಗುವಿನ ಹೆಸರೊಂದೇ ಕಾಣುವದು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸಿದ ಏರ್ಪಾಡು, ವರುಷದ ನಡುವೆ ವರ್ಗವಾಗಿ ಹೋದ ಶಿಕ್ಷಕ, ಜುಲೈ ಕಳೆದ ಮೇಲೆ ಬಂದ ಪುಸ್ತಕ, ಗಣತಿಗೂ ಚುನಾವಣೆಗೂ ಎರವಲು ಹೋದ ದಿನಗಳು, ಇವು ಯಾವ ಅಂಕಪಟ್ಟಿಯಲ್ಲಿಯೂ ನಮೂದಾಗುವದಿಲ್ಲ.

ರಾಣೆಬೆನ್ನೂರಿನ ಸುತ್ತಲಿನ ರೈತರಿಗೆ ಬೀಜದ ಪರೀಕ್ಷೆಯು ಪರಿಚಿತವಾದುದು. ಹತ್ತಿ ಮತ್ತು ತರಕಾರಿಗಳ ಸಂಕರ ಬೀಜೋತ್ಪಾದನೆಯು ಈ ಸೀಮೆಯ ಕಸುಬಾಗಿದೆ. ಬೀಜದ ರಾಶಿಯಿಂದ ಮಾದರಿಯನ್ನು ತೆಗೆದು, ೪೦೦ ಬೀಜಗಳನ್ನು ಎಣಿಸಿ ಮೊಳಕೆಗೆ ಇಟ್ಟು, ನೂರಕ್ಕೆ ಎಷ್ಟು ಮೊಳೆತವೆಂದು ನೋಡುವರು. ಕಡಮೆ ಮೊಳೆತರೆ ತಪ್ಪು ಯಾರದು? ಬೆಳೆದವನದು, ಒಣಗಿಸಿದವನದು, ಕೂಡಿಟ್ಟವನದು. ಬೀಜದ ಮೇಲೆ ಯಾರೂ ಸಿಟ್ಟಾಗುವದಿಲ್ಲ. ರಾಜ್ಯದ ಶಾಲೆಗಳು ಹೇಗೆ ನಡೆಯುತ್ತಿವೆಯೆಂಬುದನ್ನು ತಿಳಿಯುವದೇ ಸರಕಾರದ ಉದ್ದೇಶವಾಗಿದ್ದರೆ ಇಂಥ ಮಾದರಿ ಪರೀಕ್ಷೆಯು ಸಾಕು. ಕೇಂದ್ರ ಸರಕಾರವು ೨೦೨೧ರ ನವೆಂಬರ ೧೨ರಂದು ನಡೆಸಿದ ರಾಷ್ಟ್ರೀಯ ಸಾಧನಾ ಸಮೀಕ್ಷೆಯು ಆ ಬಗೆಯದೇ ಆಗಿತ್ತು. ಅದಕ್ಕೆ ಪ್ರತಿಯೊಂದು ಮಗುವಿನ ಹೆಸರಿನಲ್ಲಿ ಫಲಿತಾಂಶವನ್ನು ಹೊರಡಿಸಬೇಕಾಗಿಲ್ಲ. (ಹೋಲಿಕೆಯನ್ನು ಬಹಳ ದೂರ ಎಳೆಯಲೂಬಾರದು. ಮೊಳಕೆಗೆ ಇಟ್ಟ ೪೦೦ ಬೀಜಗಳು ಮತ್ತೆ ಹೊಲಕ್ಕೆ ಹೋಗುವದಿಲ್ಲ. ಮಕ್ಕಳಾದರೋ ಪರೀಕ್ಷೆಯ ಮರುದಿನವೂ ಅದೇ ಶಾಲೆಗೆ ಹೋಗಬೇಕಾದವರು.) ಇನ್ನು ಒಂದೊಂದು ಮಗುವೂ ಎಲ್ಲಿದೆಯೆಂದು ತಿಳಿಯುವದು ಉದ್ದೇಶವಾಗಿದ್ದರೆ, ಅದು ಆ ಮಗುವನ್ನು ಬಲ್ಲ ಶಿಕ್ಷಕನ ಕೆಲಸ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕುಳಿತ ಮಂಡಳಿಯು ಎಷ್ಟು ದಕ್ಷವಾಗಿದ್ದರೂ ಆ ಕೆಲಸವನ್ನು ಮಾಡಲಾರದು. ಈ ಎರಡು ಉದ್ದೇಶಗಳನ್ನು ಒಂದೇ ಪ್ರಶ್ನೆಪತ್ರಿಕೆಯಲ್ಲಿ ಬೆರೆಸಿದ್ದೇ ೨೦೨೨ರಿಂದ ೨೦೨೪ರವರೆಗಿನ ಗೊಂದಲದ ಬೇರು ಎಂದು ಹೇಳಿದರೆ ತಪ್ಪಾಗಲಾರದು.

ಈ ನಾಡಿನಲ್ಲಿ ಪರೀಕ್ಷೆಯ ಕಥೆಯನ್ನು ಹೇಳುವಾಗ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳ ಹೆಸರು ಬಾರದೆ ಇರದು. ೧೮೬೭ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಬಡ ಜಂಗಮ ಮನೆತನದಲ್ಲಿ ಹುಟ್ಟಿದ ಹಾಲಯ್ಯನೆಂಬ ಬಾಲಕನು ಮುಲ್ಕಿ ಪರೀಕ್ಷೆಗೆ ಕುಳಿತು ಅನುತ್ತೀರ್ಣನಾದನೆಂದು ಅವರ ಚರಿತ್ರಕಾರರು ಬರೆದಿರುವರು. ಅಂದಿನ ದಿನಗಳಲ್ಲಿ ಮುಲ್ಕಿ ಪಾಸಾಗುವದೆಂದರೆ ಕನ್ನಡ ಶಾಲೆಯ ಮಾಸ್ತರಿಕೆಯೋ ಸರಕಾರಿ ಕಾರಕೂನಿಕೆಯೋ ಕೈಗೆ ಬಂದಂತೆ. ಬಡಮನೆಯ ಹಸಿವು ನೀಗುವ ಬಾಗಿಲೇ ಅದು. ಆ ಬಾಗಿಲು ಮುಚ್ಚಿತು. ಹುಡುಗನು ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದನು. ಮುಂದೆ ವೈರಾಗ್ಯದ ದಾರಿಯನ್ನು ಹಿಡಿದನು. ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ ೧೯೦೯ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಮಹಾಪುರುಷನಾದನು.

ಈ ಕಥೆಯನ್ನು ಸಭೆಗಳಲ್ಲಿ ಹೇಳುವಾಗ ಒಂದು ಪ್ರಮಾದವು ನಡೆಯುವದುಂಟು. ನಪಾಸಾದವರು ಎದೆಗುಂದಬಾರದು, ನೋಡಿರಿ, ಕುಮಾರ ಸ್ವಾಮಿಗಳೂ ನಪಾಸಾದವರೇ ಎಂದು ಹೇಳಿ, ಕೇಳುವವರ ಚಪ್ಪಾಳೆಯನ್ನು ಪಡೆದು, ಮಾತನ್ನು ಮುಗಿಸುವರು. ಇದು ಸಮಾಧಾನದ ಮಾತು, ನ್ಯಾಯದ ಮಾತಲ್ಲ. ಅದೇ ಕಾಲದಲ್ಲಿ ಮುಲ್ಕಿಯಲ್ಲಿ ಸೋತ ಉಳಿದ ಹುಡುಗರು ಏನಾದರು? ಅವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ದನ ಕಾಯಲು ಹೋದವರು, ಸಾಹುಕಾರನ ಅಂಗಡಿಯಲ್ಲಿ ಜೀತಕ್ಕೆ ನಿಂತವರು, ತನಗೆ ವಿದ್ಯೆಯು ಒಲಿಯದೆಂದು ಸಾಯುವವರೆಗೆ ಹೇಳಿಕೊಂಡವರು. ಒಬ್ಬ ಮಹಾತ್ಮನು ಪರೀಕ್ಷೆಯನ್ನು ಮೀರಿ ಬೆಳೆದನೆಂಬುದು ಆ ಪರೀಕ್ಷೆಯ ಹೆಗ್ಗಳಿಕೆಯಾಗಲಾರದು, ಅದರಲ್ಲಿ ಸೋತವರಿಗೆ ಆದ ನಷ್ಟವನ್ನು ತುಂಬಿಕೊಡಲೂ ಆರದು.

ಮಹಾಸ್ವಾಮಿಗಳು ತಾವೇ ಬೇರೊಂದು ಮಗುವನ್ನು ಹೇಗೆ ಪರೀಕ್ಷಿಸಿದರೆಂಬುದನ್ನು ನೋಡುವದು ಹೆಚ್ಚು ಉಪಯುಕ್ತ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಹುಟ್ಟು ಕುರುಡನಾಗಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿದ್ದನು. ಅಂದಿನ ಯಾವ ಶಾಲೆಯ ಅಭ್ಯಾಸಕ್ರಮದಲ್ಲಿಯೂ ಆ ಮಗುವಿಗೆ ಸ್ಥಳವಿರಲಿಲ್ಲ. ಪಾಟಿಯ ಮೇಲೆ ಬರೆಯಲಾರದವನನ್ನು ಪರೀಕ್ಷಿಸುವ ಬಗೆಯೇ ಇರಲಿಲ್ಲ. ಮಹಾಸ್ವಾಮಿಗಳು ಅವನ ಕಂಠವನ್ನು ಕೇಳಿದರು. ಅವನಿಗೆ ಸಂಗೀತದ ಶಿಕ್ಷಣವನ್ನು ಕೊಡಿಸುವ ಹೊಣೆಯನ್ನು ತಾವು ಹೊತ್ತರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾಗಿ, ಕಣ್ಣಿಲ್ಲದ ಮಕ್ಕಳನ್ನು ಹುಡುಕಿ ಹುಡುಕಿ ಕಲಿಸಿ, ಪುಟ್ಟರಾಜ ಗವಾಯಿಗಳಂಥ ಶಿಷ್ಯನನ್ನು ನಾಡಿಗೆ ಕೊಟ್ಟರು. ಇಲ್ಲಿ ನಡೆದದ್ದೂ ಪರೀಕ್ಷೆಯೇ. ಆದರೆ ಪರೀಕ್ಷಿಸಿದವರು ಫಲಿತಾಂಶವನ್ನು ಮಗುವಿನ ಕೈಗೆ ಕೊಟ್ಟು ಎದ್ದುಹೋಗಲಿಲ್ಲ. ಆ ಫಲಿತಾಂಶಕ್ಕೆ ತಾವೇ ಕಟ್ಟುಬಿದ್ದರು. ಹೊಸ ಅಭ್ಯಾಸಕ್ರಮವೆಂಬುದು ಹೀಗೆ ಎದುರಿಗಿರುವ ಮಗುವಿನಿಂದ ಹುಟ್ಟಬೇಕಾದುದು. ಈಚಿನ ದಿನಗಳಲ್ಲಿ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ ಮಾಧ್ಯಮದ ವಿಭಾಗಗಳು, ಪೂರ್ವ ಪ್ರಾಥಮಿಕ ತರಗತಿಗಳು ಒಂದರ ಹಿಂದೊಂದು ಬರುತ್ತಿವೆ. ಅವುಗಳಲ್ಲಿ ಯಾವುದು ಮಗುವಿನಿಂದ ಹುಟ್ಟಿತು, ಯಾವುದು ನೆರೆಯ ಖಾಸಗಿ ಶಾಲೆಯ ಭಯದಿಂದ ಹುಟ್ಟಿತು ಎಂಬುದು ಬೇರೆಯೇ ಲೇಖನಕ್ಕೆ ವಿಷಯವಾದೀತು.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಎಲ್ಲರೂ ಬಲ್ಲರು. ಅಲ್ಲಮಪ್ರಭುವು ಅವಳನ್ನು ಕಠೋರವಾಗಿ ಪ್ರಶ್ನಿಸಿದನು. ಓದುವವರಿಗೆ ಕೆಲವು ಪ್ರಶ್ನೆಗಳು ಕ್ರೂರವೆಂದೇ ತೋರುವವು. ಆದರೂ ಆ ಪರೀಕ್ಷೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಪ್ರಶ್ನಿಸಿದವನು ಆ ದಾರಿಯನ್ನು ತಾನು ನಡೆದವನಾಗಿದ್ದನು. ಪ್ರಶ್ನಿಸಿಕೊಂಡವಳು ಎದುರಿಗೆ ನಿಂತು ಮರುಮಾತನಾಡಬಹುದಾಗಿತ್ತು, ಮಾತನಾಡಿದಳು. ಅವಳ ಉತ್ತರದಿಂದ ಪ್ರಶ್ನೆಗಳೇ ಬದಲಾದವು. ಕೊನೆಗೆ ಅವಳಿಗೆ ದೊರೆತದ್ದು ಸ್ಥಾನಗಣನೆಯಾಗಿರಲಿಲ್ಲ, ಅನುಭವಮಂಟಪದ ಸಮಸ್ತರ ಮನ್ನಣೆಯಾಗಿತ್ತು. ನೂರಕ್ಕೆ ಎಷ್ಟು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಪ್ರೌಢಳಾದ ಯೋಗಿನಿಯೊಬ್ಬಳಿಗೆ ಒಪ್ಪುವ ಕಾಠಿಣ್ಯವನ್ನು ಮಕ್ಕಳಿಗೆ ತರಬೇಕೆಂದು ಇದರ ಅರ್ಥವಲ್ಲ. ಪ್ರಶ್ನೆ ಕೇಳುವವನೂ ಪ್ರಶ್ನೆಗೆ ಒಳಗಾಗಿರಬೇಕೆಂಬ ಒಂದು ಧರ್ಮವು ಅಲ್ಲಿತ್ತೆಂದು ಅರ್ಥ.

ಈ ಧರ್ಮವನ್ನು ಬಿಟ್ಟ ಕುರುಹು ಎಷ್ಟು ಚಂಚಲವಾಗುವದೆಂಬುದಕ್ಕೆ ಹತ್ತನೆಯ ತರಗತಿಯ ಪರೀಕ್ಷೆಯೇ ನಿದರ್ಶನ. ೨೦೨೩ರಲ್ಲಿ ರಾಜ್ಯದ ಫಲಿತಾಂಶವು ಶೇಕಡಾ ೮೩.೮೯ ಆಗಿತ್ತು. ೨೦೨೪ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮರಾಗಳನ್ನು ಅಳವಡಿಸಿ ನಕಲನ್ನು ತಡೆಯಲಾಯಿತು, ಫಲಿತಾಂಶವು ಕುಸಿಯಿತು, ಆಗ ಕೃಪಾಂಕವನ್ನು ಶೇಕಡಾ ೧೦ರಿಂದ ೨೦ಕ್ಕೆ ಏರಿಸಿ ಶೇಕಡಾ ೭೩.೪೦ಕ್ಕೆ ತಂದು ನಿಲ್ಲಿಸಲಾಯಿತು. ಆ ಕೃಪೆಯನ್ನು ಹಿಂತೆಗೆದುಕೊಂಡ ೨೦೨೫ರಲ್ಲಿ ಮೊದಲನೆಯ ಪರೀಕ್ಷೆಯ ಫಲಿತಾಂಶವು ಶೇಕಡಾ ೬೨.೩೪ ಆಯಿತು. ಅದೇ ವರ್ಷದ ಅಕ್ಟೋಬರದಲ್ಲಿ ತೇರ್ಗಡೆಗೆ ಬೇಕಾದ ಒಟ್ಟು ಅಂಕವನ್ನೇ ಶೇಕಡಾ ೩೩ಕ್ಕೆ ಇಳಿಸುವ ನಿರ್ಧಾರವು ಹೊರಬಿದ್ದಿತು. ಈ ಮೂರು ವರುಷಗಳಲ್ಲಿ ರಾಜ್ಯದ ಮಕ್ಕಳ ಬುದ್ಧಿಯು ಹೀಗೆ ಏರಿಳಿಯಿತೆ? ಏರಿಳಿದದ್ದು ಅಳತೆಗೋಲು. ಕ್ಯಾಮರಾ ಇಟ್ಟದ್ದು ಸರಿಯಾದ ಕೆಲಸವೇ. ಸುಳ್ಳು ಕುರುಹಿಗಿಂತ ನಿಜವಾದ ಸೋಲು ಮೇಲು. ಆದರೆ ಆ ನಿಜವು ತೋರಿದ ಕೂಡಲೆ, ಹತ್ತು ವರುಷ ಶಾಲೆಗಳಲ್ಲಿ ಏನು ನಡೆಯಿತೆಂದು ವಿಚಾರಿಸುವದಕ್ಕೆ ಮೊದಲು ಕುರುಹನ್ನೇ ತಿದ್ದಿದ್ದು ಯಾವ ಧರ್ಮ? ಮುಖವು ಕಪ್ಪಾಗಿ ಕಂಡಿತೆಂದು ಕನ್ನಡಿಗೆ ಸುಣ್ಣ ಹಚ್ಚಿದಂತಾಯಿತು.

೨೦೨೨ರಲ್ಲಿ ಒಂಬತ್ತನೆಯ ತರಗತಿಯ ಪಠ್ಯದಲ್ಲಿ ಬಸವಣ್ಣನವರ ಪಾಠವು ಪರಿಷ್ಕೃತವಾದಾಗ ಮಠಗಳೂ ಸಮಾಜವೂ ಎಚ್ಚತ್ತು ಆಕ್ಷೇಪಿಸಿದವು. ಸರಕಾರವು ತಿದ್ದಲು ಒಪ್ಪಿತು. ಆ ಎಚ್ಚರವು ಯೋಗ್ಯವಾದುದೇ. ಪಾಠದಲ್ಲಿ ಬಸವಣ್ಣನವರ ಬಗ್ಗೆ ಏನು ಬರೆದಿದೆಯೆಂಬುದನ್ನು ಓದಲಾರದ ಮಗುವು ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವದು ಅದಕ್ಕಿಂತ ಚಿಕ್ಕ ವಿಷಯವೆ? ಸಕಲರಿಗೂ ತಿಳಿಯಲೆಂದು ಆಡುಮಾತಿನ ಕನ್ನಡದಲ್ಲಿ ಅನುಭಾವವನ್ನು ಹೇಳಿದ ಶರಣರ ಹೆಸರು, ಕನ್ನಡವನ್ನು ಕೂಡಿಸಿ ಓದಲಾರದ ಮಗುವಿನ ಮುಂದೆ ಬರಿಯ ಅಕ್ಷರಗಳ ಗುರುತಾಗಿ ಉಳಿಯುವದು.

ಕಾಯಿದೆಯಲ್ಲಿ ಈ ರೋಗಕ್ಕೆ ಔಷಧವಿಲ್ಲವೆಂದಲ್ಲ. ಶಿಕ್ಷಣ ಹಕ್ಕು ಕಾಯಿದೆಯ ೨೯ನೆಯ ಕಲಮು, ಮಗುವು ಭಯ ಆತಂಕಗಳಿಂದ ಮುಕ್ತವಾಗಿ ಕಲಿಯಬೇಕೆಂದೂ, ಅದರ ತಿಳಿವಳಿಕೆಯನ್ನೂ ಆ ತಿಳಿವಳಿಕೆಯನ್ನು ಬಳಸುವ ಶಕ್ತಿಯನ್ನೂ ವರುಷದುದ್ದಕ್ಕೂ ಸಮಗ್ರವಾಗಿ ನೋಡುತ್ತಿರಬೇಕೆಂದೂ ಹೇಳಿದೆ. ಇದು ಕಾಗದದ ಮೇಲೆ ಜಾರಿಯಲ್ಲಿಯೂ ಇದೆ. ನಿರಂತರ ಮೌಲ್ಯಮಾಪನವೆಂಬ ಹೆಸರಿನಲ್ಲಿ ಶಿಕ್ಷಕರು ತುಂಬಬೇಕಾದ ದಾಖಲೆಪುಸ್ತಕಗಳು ಬೆಳೆದಿವೆ. ಮಗುವನ್ನು ನೋಡಬೇಕಾದ ಹೊತ್ತಿನಲ್ಲಿ ಶಿಕ್ಷಕನು ಮಗುವನ್ನು ನೋಡಿದೆನೆಂದು ಬರೆಯುತ್ತಿರುವನು. ಕುರುಹು ಇಲ್ಲಿಯೂ ಅರಿವನ್ನು ನುಂಗಿತು!

ಮಾಡಬೇಕಾದ ಕೆಲಸವು ಬಹಳ ದೊಡ್ಡದಲ್ಲ. ಜೂನ ತಿಂಗಳಲ್ಲಿ ಶಾಲೆಯು ಆರಂಭವಾದ ಮೊದಲ ಎರಡು ವಾರಗಳಲ್ಲಿ ಶಿಕ್ಷಕನು ಒಂದೊಂದು ಮಗುವನ್ನೂ ಹತ್ತಿರ ಕೂಡಿಸಿಕೊಂಡು ಹಿಂದಿನ ವರ್ಷದ ಪುಸ್ತಕದ ಒಂದು ಪುಟವನ್ನು ಓದಿಸಲಿ, ಒಂದು ಕಳೆಯುವ ಲೆಕ್ಕವನ್ನು ಮಾಡಿಸಲಿ. ಓದಲಾರದ ಮಗುವಿನ ತಾಯಿಯನ್ನು ಕರೆದು, “ಅವ್ವಾರ, ಹುಡುಗಿಗೆ ಒತ್ತಕ್ಷರ ಇನ್ನೂ ಕೂಡೂದಿಲ್ರಿ, ದೀಪಾವಳಿ ಒಳಗ ಕೂಡಸತೇನಿ” ಎಂದು ಹೇಳಲಿ. ಈ ಮಾತಿನ ಎರಡನೆಯ ಭಾಗದಲ್ಲಿ ಶಿಕ್ಷಕನು ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡನು. ದೀಪಾವಳಿಯಲ್ಲಿ ತಾಯಿಯು ಮತ್ತೆ ಬಂದು ಕೇಳುವಳು. ಆಗ ಮಗುವಿಗೆ ಓದು ಬಾರದಿದ್ದರೆ ಏಕೆ ಬರಲಿಲ್ಲವೆಂದು ಶಿಕ್ಷಕನು ಮುಖ್ಯಾಧ್ಯಾಪಕರಿಗೆ, ಅವರು ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅವರು ಬೆಂಗಳೂರಿಗೆ ಹೇಳುತ್ತ ಹೋಗಬೇಕಾಗುವದು. ಉತ್ತರ ಹೇಳುವವರ ಸಾಲಿನಲ್ಲಿ ಮಗುವು ಕೊನೆಗೆ ನಿಲ್ಲುವದು.

ಶಿಕ್ಷಕನಿಗೆ ಆ ಎರಡು ವಾರಗಳು ಸಿಗುವವೆ ಎಂಬುದೇ ನಿಜವಾದ ತೊಡಕು. ಒಬ್ಬನೇ ಎರಡು ಮೂರು ತರಗತಿಗಳನ್ನು ನೋಡುವಲ್ಲಿ, ಬಿಸಿಯೂಟದ ಲೆಕ್ಕವನ್ನೂ ಸಮವಸ್ತ್ರದ ಲೆಕ್ಕವನ್ನೂ ಅವನೇ ಇಡುವಲ್ಲಿ, ಒಂದೊಂದು ಮಗುವಿನ ಮುಂದೆ ಕುಳಿತುಕೊಳ್ಳುವ ಕಾಲು ಗಂಟೆಯೂ ಉಳಿಯದು. ಕರ್ನಾಟಕದಲ್ಲಿ ೨೦೦೧ರಿಂದ ಪ್ರತಿಯೊಂದು ಸರಕಾರಿ ಶಾಲೆಗೂ ಪಾಲಕರಿಂದ ಕೂಡಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಆ ಸಮಿತಿಗಳ ಸಭೆಗಳಲ್ಲಿ ಕಾಂಪೌಂಡು ಗೋಡೆಯ ವಿಷಯವೂ ಶೌಚಾಲಯದ ವಿಷಯವೂ ಚರ್ಚೆಗೆ ಬರುವವು, ಬರಬೇಕಾದವೇ. ಮುಂದಿನ ಸಭೆಯಲ್ಲಿ ಹಲಗೇರಿಯಂಥ ಊರಿನ ಒಬ್ಬ ತಾಯಿಯಾದರೂ ಎದ್ದು ನಿಂತು, ಈ ಶಾಲೆಗೆ ಮಂಜೂರಾದ ಶಿಕ್ಷಕರು ಎಷ್ಟು ಮಂದಿ, ಇಂದು ತರಗತಿಯಲ್ಲಿ ಇರುವವರು ಎಷ್ಟು ಮಂದಿ, ಐದನೆಯ ತರಗತಿಯಲ್ಲಿ ಪುಸ್ತಕವನ್ನು ಓದಬಲ್ಲ ಮಕ್ಕಳು ಎಷ್ಟು ಮಂದಿ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಬಹುದು.